ಓಂಕಾರಪ್ಪ ಮೇಷ್ಟ್ರ ಕಣ್ಣು

ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ಜಗಳ ನಮ್ಮ ಶಾಲೆಯ ವಾಲಿಬಾಲ್ ಮೈದಾನದಲ್ಲಿ ಬೆಳೆಯುತ್ತಲೇ ಇರಲಿಲ್ಲ. ಪಿ.ಟಿ. ಮೇಷ್ಟ್ರು ಓಂಕಾರಪ್ಪನವರು ಕಂಬದ ಪಕ್ಕದಲ್ಲಿ ನಿಂತೇ ಬೆರಳು ತೋರಿಸಿ ಸೀಟಿ ಊದಿದರೆ ಮುಗಿಯಿತು. ಹೋಗಿ ನೋಡಿದರೆ ಚೆಂಡಿನ ಗುರುತು ಅವರು ಹೇಳಿದಲ್ಲೇ ಇರುತ್ತಿತ್ತು. ತಾಳ್ಯ, ಬಿ.ದುರ್ಗದಿಂದ ಬಂದ ತಂಡಗಳೂ ಎದುರಾಡುತ್ತಿರಲಿಲ್ಲ.

ಅಂಥ ಕಣ್ಣಿನ ಜೊತೆಗೊಂದು ಕೆಟ್ಟ ನಾಲಿಗೆ. ದಪ್ಪ ಗಾಜಿನ ಕನ್ನಡಕದ ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. “ಲೇ ಸೋಡಾಬುಡ್ಡಿ, ಚೆಂಡು ಕಾಣ್ತೈತೋ, ಇಲ್ಲ ವಾಸ್ನೆ ಹಿಡ್ದು ಹೋಗ್ತೀಯೋ?” ಎಂದರೆ ಮೈದಾನವೆಲ್ಲ ನಗುತ್ತಿತ್ತು. ಆದರೆ ಆ ಕನ್ನಡಕದಲ್ಲೂ ನನಗೆ ಬೋರ್ಡು ಮಸುಕಾಗತೊಡಗಿದಾಗ ಬಸ್ಸು ಹತ್ತಿಸಿ ಚಿತ್ರದುರ್ಗದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದವರೂ ಅವರೇ. ದಾರಿಯುದ್ದಕ್ಕೂ ಬೈದರು. ನಾನು ಮುಂದೆ ಹೊಳಲ್ಕೆರೆಯಲ್ಲಿ ಕನ್ನಡಕದ ಅಂಗಡಿ ಇಟ್ಟದ್ದಕ್ಕೆ ಆ ಪ್ರಯಾಣವೇ ಕಾರಣ.

ನಿವೃತ್ತರಾದ ಮರುವರ್ಷ ಅವರಿಗೆ ರಕ್ತದ ಕ್ಯಾನ್ಸರ್ ಬಂತು. ಔಷಧಿಗಳು ಒಂದರ ಹಿಂದೊಂದು ಸೋತವು. ಕೊನೆಗೆ ಬೆಂಗಳೂರಿನಲ್ಲಿ ಅವರದೇ ರಕ್ತದ ಬಿಳಿ ಕಣಗಳನ್ನು ತೆಗೆದು, ಕ್ಯಾನ್ಸರನ್ನು ಗುರುತಿಸಿ ಕೊಲ್ಲುವಂತೆ ಮಾರ್ಪಡಿಸಿ, ಮತ್ತೆ ಮೈಗೆ ಹರಿಸಿದರು. “ನಮ್ಮ ಕೋಚಿಂಗ್ ಕ್ಯಾಂಪ್ ಇದ್ದಂಗೆ ಕಣಲೇ. ಟ್ರೇನಿಂಗ್ ಕೊಟ್ಟು ವಾಪಸ್ ಬಿಟ್ಟವ್ರೆ,” ಎಂದು ಮೇಷ್ಟ್ರು ಫೋನಿನಲ್ಲಿ ವಿವರಿಸಿದ್ದರು. ಕ್ಯಾನ್ಸರ್ ಕಾಣದಾಯಿತು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಮಾಸ್ಕ್ ಹಾಕಿಕೊಂಡು ಅಂಗಡಿಗೆ ಬಂದರು.

“ಬಲಗಣ್ಣಿನ ಮುಂದೆ ಕರೀ ಚುಕ್ಕೆ ತೇಲ್ತವೆ. ಕಣ್ಣಿಗೇನಾದ್ರೂ ಆದ್ರೆ ತಕ್ಷಣ ಫೋನ್ ಮಾಡು ಅಂದಿದ್ರು ಡಾಕ್ಟ್ರು. ಇಷ್ಟಕ್ಕೇ ಬೆಂಗ್ಳೂರಿಗೆ ಓಡ್ಬೇಕೇನ್ಲೇ?”

ಕೂರಿಸಿ ಪರೀಕ್ಷೆ ಮಾಡಿದೆ. ಗೋಡೆಯ ಮೇಲಿನ ಅಕ್ಷರಗಳ ಮೂರನೇ ಸಾಲು ಅವರಿಗೆ ಕಾಣಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

“ವಯಸ್ಸಾಯ್ತು ಸಾ, ಚುಕ್ಕೆ ಎಲ್ರಿಗೂ ಬರ್ತವೆ. ಈಗ ನೀವೂ ಸೋಡಾಬುಡ್ಡಿ.”

ಅವರು ನಕ್ಕರು. “ಹಂಗಾದ್ರೆ ಫೋನ್ ಬ್ಯಾಡ ಅಂತೀಯ?”

“ಬ್ಯಾಡ ಸಾ.”

ಹೊಸ ಕನ್ನಡಕ ಮಾಡಿಕೊಟ್ಟೆ.

ಮೂರು ವಾರಕ್ಕೆ ಬಲಗಣ್ಣಿನ ಮೇಲೆ ಪರದೆ ಇಳಿಯಿತು. ಚಿಕಿತ್ಸೆಯಿಂದ ಮೈಯ ಕಾವಲು ಸಡಿಲವಾಗಿ, ಎಷ್ಟೋ ವರ್ಷಗಳಿಂದ ಒಳಗೇ ಮಲಗಿದ್ದ ವೈರಸ್ಸೊಂದು ಎದ್ದು ಕಣ್ಣಿನ ಹಿಂಪದರವನ್ನು ತಿನ್ನುತ್ತಿದೆ ಎಂದರು ಬೆಂಗಳೂರಿನ ಡಾಕ್ಟರು. ಕಣ್ಣಿನೊಳಕ್ಕೇ ಸೂಜಿ ಚುಚ್ಚಿದರು. ಬಲಗಣ್ಣು ಹೋಯಿತು. ಎಡಗಣ್ಣಿಗೆ ನೆರಳುಗಳಷ್ಟೇ ಉಳಿದವು. ವೈರಸ್ಸಿಗೆ ಕೊಟ್ಟ ಔಷಧಿ ಅವರ ರಕ್ತದ ಬಿಳಿ ಕಣಗಳನ್ನು ಇನ್ನಷ್ಟು ಕಡಿಮೆ ಮಾಡಿತು.

ನನ್ನ ತಪ್ಪು ಒಪ್ಪಿಕೊಳ್ಳಲೆಂದೇ ಮನೆಗೆ ಹೋದೆ. ಮೇಷ್ಟ್ರು ಗೋಡೆಗೆ ಒರಗಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿಗೆ, “ಗಿರಿಜಾ, ಕಣ್ಣಿನ ವಿಷ್ಯ ಮೊದ್ಲು ಹೇಳಿದ್ದು ಇವನಿಗೇ. ಪಾಪ, ಒಂದು ಗಂಟೆ ಕುಂತು ನೋಡ್ದ. ನಾನೇ ಡಾಕ್ಟ್ರಿಗೆ ಫೋನ್ ಮಾಡ್ಲಿಲ್ಲ,” ಎಂದರು. ನನ್ನ ಮಾತನ್ನು ಮರೆತಿದ್ದರೋ, ಆಕೆಯ ಮುಂದೆ ನನ್ನನ್ನು ಕಾಪಾಡುತ್ತಿದ್ದರೋ ತಿಳಿಯಲಿಲ್ಲ. ಗಿರಿಜಮ್ಮ ಟೀ ಕೊಟ್ಟರು. ಕುಡಿದು ಎದ್ದು ಬಂದೆ.

ಹನ್ನೆರಡು ದಿನಗಳಲ್ಲಿ ಸೋಂಕು ಶ್ವಾಸಕೋಶಕ್ಕೆ ಇಳಿದು ಮೇಷ್ಟ್ರು ತೀರಿಕೊಂಡರು.

ಕಾರ್ಯ ಮುಗಿದ ಮೇಲೆ ಗಿರಿಜಮ್ಮ ಆಸ್ಪತ್ರೆಯ ಕಡೇ ರಿಪೋರ್ಟನ್ನು ನನ್ನ ಕೈಗಿಟ್ಟರು.

“ಇಂಗ್ಲಿಷಲ್ಲೈತಪ್ಪ. ಕ್ಯಾನ್ಸರ್ ಹೋಗಿತ್ತು ಅಂತ ಬರ್ದವ್ರಾ? ನೋಡಿ ಹೇಳು.”

ಬರೆದಿದ್ದರು. ಅದರ ಕೆಳಗೇ, ಕಣ್ಣಿನ ತೊಂದರೆ ಶುರುವಾಗಿ ಮೂರು ವಾರ ತಡವಾಗಿ ಬಂದದ್ದರಿಂದ ದೃಷ್ಟಿ ಉಳಿಸಲಾಗಲಿಲ್ಲ ಎಂದೂ ಇತ್ತು.

“ಹೂಂ ಅಮ್ಮ. ಪೂರ್ತಿ ಹೋಗಿತ್ತಂತೆ.”

“ಕೆಳಗೆ ಇನ್ನೇನೈತೆ?”

“ಔಷಧಿ ಹೆಸ್ರು,” ಎಂದೆ.