ರೊಟ್ಟಿ ಮುಟ್ಟಿ ಹೇಳು

ತಾಯಕ್ಕನಿಗೆ ಹೋಟೆಲಿನಲ್ಲಿಯೇ ಕೆಲಸ ಬೇಕಾಗಿತ್ತು. ಹೊಟ್ಟೆಯ ಮಾತಾಗಿದ್ದರೆ ಕಂಪ್ಲಿಯಲ್ಲಿ ದಾರಿಯಿತ್ತು. ನಾಟಿಯ ಕಾಲಕ್ಕೆ ಗದ್ದೆಯ ಕೂಲಿ, ಕಬ್ಬು ಕಡಿಯುವ ಕಾಲಕ್ಕೆ ಕಬ್ಬಿನ ಕೂಲಿ. ಅಲ್ಲಿ ಯಾರೂ ಕಾಗದಪತ್ರ ಕೇಳುವುದಿಲ್ಲ. ಬೆನ್ನು ಬಗ್ಗಿದರೆ ಸಾಕು. ತಾಯಿ ಉಚ್ಚೆಂಗಮ್ಮ ಬೆಳಗಾದರೆ ಅದನ್ನೇ ಹೇಳುತ್ತಿದ್ದಳು.

"ಯಾಕಬೇ ಹೋಟ್ಲು ಹೋಟ್ಲು ಅಂತ ಬಡ್ಕೊಂತಿ? ಹೋಟ್ಲಿನಾಗ ಇದ್ದದ್ದಕ್ಕ ಅಲ್ಲೇನು ನಿನ್ನ ಒಯ್ದು ಒಳಗ ಹಾಕಿದ್ದು?"

"ಅದಕ್ಕ ಹೊಂಟೀನಿ ಯವ್ವಾ. ಕಳಕೊಂಡದ್ದನ್ನ ಕಳಕೊಂಡಲ್ಲೇ ಹುಡುಕಬೇಕು."

ಆಕೆ ಕಳೆದುಕೊಂಡದ್ದು ಹಂಪಿಯಲ್ಲಿ. ಬಾಳೆತೋಟಗಳ ನಡುವಿನ ಒಂದು ಗೆಸ್ಟ್ ಹೌಸಿನಲ್ಲಿ ಆಕೆ ಕೋಣೆ ಗುಡಿಸಿ, ಹಾಸಿಗೆ ಹಾಸಿ, ಬಂದವರಿಗೆ ಬಿಸಿನೀರು ಕೊಟ್ಟುಕೊಂಡು ಇದ್ದಳು. ಗಂಡ ತೀರಿಕೊಂಡ ಮೇಲೆ ಅದೇ ಆಸರೆ. ಒಂದು ದಿನ ವಿದೇಶದ ಅತಿಥಿಯೊಬ್ಬನ ಕ್ಯಾಮೆರಾ ಕಾಣೆಯಾಯಿತು. ಮ್ಯಾನೇಜರ್ ಮನೋಹರನ ಹೆಂಡತಿಯ ತಮ್ಮ ಪ್ರವೀಣ ಆ ಕೋಣೆಯಿಂದ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಹೊರಬಂದುದನ್ನು ತಾಯಕ್ಕ ಕಂಡಿದ್ದಳು. ಕಂಡದ್ದನ್ನು ಮನೋಹರನಿಗೇ ಹೇಳಿದಳು. ದೊಡ್ಡವರು, ಹುಡುಗನಿಗೆ ಬುದ್ಧಿ ಹೇಳಿ ತಿರುಗಿ ಕೊಡಿಸಿಯಾರು ಎಂದು ನಂಬಿದಳು. ಆಕೆ ಮಾಡಿದ ತಪ್ಪೆಂದರೆ ಅದೊಂದೇ. ಸಂಜೆ ಪೊಲೀಸರು ಬಂದಾಗ ಕ್ಯಾಮೆರಾ ಆಕೆಯ ಬುಟ್ಟಿಯ ತಳದಲ್ಲಿತ್ತು.

ಕೋರ್ಟಿನಲ್ಲಿ ಮನೋಹರ ಬಲಗೈ ಎತ್ತಿ, ದೇವರ ಮೇಲೆ ಪ್ರಮಾಣ ಮಾಡಿ, "ಈಕೆ ಬುಟ್ಟಿಯಲ್ಲಿ ಬಚ್ಚಿಡುವುದನ್ನು ಕಣ್ಣಾರೆ ಕಂಡಿದ್ದೇನೆ" ಎಂದ. ಧ್ವನಿ ಒಂದಿಷ್ಟೂ ನಡುಗಲಿಲ್ಲ. ತಾಯಕ್ಕ ಎರಡು ವರ್ಷ ಬಳ್ಳಾರಿಯ ಜೈಲಿನಲ್ಲಿದ್ದಳು. ಅಲ್ಲಿ ಕೆಲವರು ಅತ್ತು ಕಳೆದರು, ಕೆಲವರು ಭಜನೆ ಹಾಡಿ ಕಳೆದರು. ತಾಯಕ್ಕ ಆ ಎತ್ತಿದ ಕೈಯನ್ನು ನೆನೆದು ಕಳೆದಳು. ನಾಲ್ಕು ಮಂದಿಯ ಎದುರಿಗೆ ತನ್ನನ್ನು ಕಳ್ಳಿ ಮಾಡಿದವನ ಮರ್ಯಾದೆಯನ್ನು ನಾಲ್ಕು ಮಂದಿಯ ಎದುರಿಗೇ ಕಳೆಯಬೇಕು. ಅಲ್ಲಿಯ ತನಕ ಸಾಯಬಾರದು. ಆಕೆಯ ವ್ರತ ಅದಾಗಿತ್ತು.

ಬಿಡುಗಡೆಯಾಗಿ ಬಂದ ಮೇಲೆ ಹೋಟೆಲು ಹೋಟೆಲು ಅಲೆದಳು. ಹೊಸಪೇಟೆಯ ಒಂದು ಲಾಡ್ಜಿನಲ್ಲಿ ಮಾತೆಲ್ಲ ಮುಗಿದು, ಸೀರೆಯ ಮೇಲೆ ತೊಡುವ ನೀಲಿ ಕೋಟನ್ನೂ ಕೈಗೆ ಕೊಟ್ಟಿದ್ದರು. ಕಡೆಯಲ್ಲಿ ಅಲ್ಲಿಯವನು, "ಆಧಾರ್ ಕೊಟ್ಟು ಹೋಗಮ್ಮ, ಪೊಲೀಸ್ ವೆರಿಫಿಕೇಶನ್ ಮಾಡಸ್ಬೇಕು" ಎಂದ. ಆಕೆ ಕೋಟನ್ನು ಮಡಿಸಿ ಮೇಜಿನ ಮೇಲಿಟ್ಟು ಬಂದಳು. ಮರಿಯಮ್ಮನಹಳ್ಳಿಯ ಡಾಬಾದಲ್ಲಿ ಪಾತ್ರೆ ತಿಕ್ಕಲು ಇಟ್ಟುಕೊಂಡರು. ಜೈಲಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು, ಲಾರಿಯವರ ಬಾಯಿಗೆ ಬೀಗವಿರಲಿಲ್ಲ. "ತಾಯಕ್ಕ ಬಂದ್ಲು, ಚಮಚ ಎಣಿಸಿ ಇಡ್ರಲೇ!" ಎಂದು ಒಬ್ಬ ಕೂಗಿದರೆ ಮಂಚದ ಮೇಲಿನವರೆಲ್ಲ ನಗುತ್ತಿದ್ದರು. ಬಿಟ್ಟು ಬಂದಳು.

ಸಂಡೂರಿನಲ್ಲಿ ಗಣಿಯ ಕೆಲಸಗಾರರು ಉಣ್ಣುವ ಒಂದು ಮೆಸ್ಸಿನಲ್ಲಿ ಮಾತ್ರ ಅದೃಷ್ಟ ಆಕೆಯ ಕೈ ಹಿಡಿಯಿತು. ರೊಟ್ಟಿ ಬಡಿಯುವ ಕೆಲಸ. ಯಜಮಾನ ಮೆಚ್ಚಿಕೊಂಡ. ಆದರೆ ವಾರ ತುಂಬುವುದರೊಳಗೆ ಅವನೇ ತಲೆ ಕೆರೆದುಕೊಳ್ಳುತ್ತಾ ಬಂದು ನಿಂತ.

"ತಾಯಕ್ಕ, ಬ್ಯಾಸರ ಮಾಡ್ಕೋಬ್ಯಾಡ. ನಾಳಿಂದ ಬರಬ್ಯಾಡವ್ವ."

"ಯಾರು ಹೇಳಿದ್ರು ನಿಮಗ?"

"ಹಂಪಿ ಮನೋಹರ್ ಸಾಹೇಬ್ರು ಫೋನ್ ಮಾಡಿದ್ರು. ನನ್ನ ಒಳ್ಳೇದಕ್ಕ ಹೇಳ್ಯಾರ ಬಿಡು."

ಆಗ ತಾಯಕ್ಕನಿಗೆ ಅರ್ಥವಾಯಿತು. ಜೈಲು ಕಳೆದರೂ ಮನೋಹರ ಆಕೆಯನ್ನು ಬಿಟ್ಟಿರಲಿಲ್ಲ. ತಾಯಕ್ಕ ಕಳ್ಳಿಯಾಗಿ ಉಳಿದರೆ ತಾನೆ ಅವನ ಮಾತು ಸತ್ಯವಾಗಿ ಉಳಿಯುವುದು! ಎಲ್ಲಿ ಒಲೆಯ ಮುಂದೆ ಕುಳಿತರೂ ಅವನ ಫೋನು ಬಂದು ನೀರು ಸುರಿಯುತ್ತಿತ್ತು. ಇನ್ನು ಅವನಿಂದ ದೂರ ಹೋಗಿ ಪ್ರಯೋಜನವಿಲ್ಲ, ಅವನು ಉಣ್ಣುವ ಜಾಗಕ್ಕೇ ಹೋಗಬೇಕು ಎಂದು ನಿಶ್ಚಯಿಸಿದಳು. ಹಂಪಿಯ ಒಬ್ಬ ಆಟೋದವನು ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟ. "ಸಾಹೇಬ್ರು ಈಗ ರೆಸಾರ್ಟಿನ ಪಾಲುದಾರರು. ಸೋಮಾರ ಬಂತಂದ್ರ ದೊಡ್ಡ ದೊಡ್ಡ ಮಂದಿ ಕರ್ಕೊಂಡು ಹೊಸಪ್ಯಾಟಿ ಭೀಮವ್ವನ ಖಾನಾವಳ್ಯಾಗ ಊಟ. ಯಾಕ?"

"ಸುಮ್ನ ಕೇಳಿದೆ."

ಭೀಮವ್ವನ ಖಾನಾವಳಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದೆ. ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಭೀಮವ್ವ ಬಾಗಿಲಲ್ಲಿ ಕುಳಿತರೆ ಸಾಲ ಕೊಟ್ಟವನೂ ಉಂಡೇ ಹೋಗಬೇಕು, ಅಂಥ ಗತ್ತು. ತಾಯಕ್ಕನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು.

"ಒಳಗ ಎಷ್ಟು ವರ್ಷ ಇದ್ದಿ?"

ತಾಯಕ್ಕ ಸೆರಗು ಬಿಗಿದುಕೊಂಡಳು. ಫೋನು ಇಲ್ಲಿಗೂ ಬಂದಿದೆ! ಇನ್ನು ಮುಚ್ಚಿಡುವುದೇನು?

"ಎರಡು ವರ್ಷರಿ."

"ಎಲ್ಲಿ?"

"ಬಳ್ಳಾರ್ಯಾಗ."

"ಬಳ್ಳಾರ್ಯಾಗ ಯಾರದು?"

"ಯಾರದೇನ್ರಿ ಯವ್ವಾ, ಸರ್ಕಾರದ್ದು."

ಭೀಮವ್ವ ಹುಬ್ಬೇರಿಸಿದಳು. "ಸರ್ಕಾರದವ್ರು ಖಾನಾವಳಿ ಯಾವಾಗ ತಗದ್ರು?"

ಖಾನಾವಳಿಯವರ ಮಾತಿನಲ್ಲಿ 'ಒಳಗೆ' ಎಂದರೆ ಅಡುಗೆಯ ಒಳಗೆ, 'ಹೊರಗೆ' ಎಂದರೆ ಬಡಿಸುವ ಕೆಲಸ. ತಾಯಕ್ಕ ತಾನಾಗಿಯೇ ಬಾಯಿಬಿಟ್ಟು ಕುಳಿತಿದ್ದಳು. ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು ಒಡೆದ ಗಡಿಗೆ. ಇದ್ದದ್ದು ಇದ್ದ ಹಾಗೆ ಹೇಳಿದಳು. ಮನೋಹರನ ಹೆಸರೊಂದನ್ನು ಮಾತ್ರ ಹಲ್ಲಿನ ಹಿಂದೆ ಇಟ್ಟುಕೊಂಡಳು.

"ಕದ್ದಿದ್ದೇನು?" ಎಂದಳು ಭೀಮವ್ವ.

"ಇಲ್ಲ."

"ಜೈಲಿಗೆ ಹೋದವ್ರೆಲ್ಲಾ ಹಂಗ ಅಂತಾರ."

"ಅನ್ನಲಿ ಬಿಡ್ರಿ. ನಾ ಅಂತೂ ಇಲ್ಲೀತನಕ ಏನೂ ಮಾಡಿಲ್ಲ. ಮುಂದ ಮಾಡಂಗಿಲ್ಲ ಅಂತ ಮಾತ್ರ ಹೇಳಂಗಿಲ್ಲ."

ಭೀಮವ್ವ ಹೊಟ್ಟೆ ಕುಣಿಸಿ ನಕ್ಕಳು. ಜೋಳದ ಹಿಟ್ಟನ್ನು ಮುಂದೆ ತಳ್ಳಿ, "ಬಡಿ, ನೋಡೋಣ" ಎಂದಳು. ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತಾಗ ಕೆಲಸ ಸಿಕ್ಕಿತು. ಆದರೆ ಒಂದು ಕಟ್ಟಳೆ ಹಾಕಿದಳು.

"ಗಿರಾಕಿ ಉಣ್ಣುವಾಗ ತಂಟೆ ತಕರಾರು ಆಗಬಾರದು. ತಾಟಿನ ಮುಂದಿಂದ ಒಬ್ಬರನ್ನ ಎಬ್ಬಿಸಿದ್ರೂ ಅವತ್ತಿಗೆ ನಿನ್ನ ಕೆಲಸ ಮುಗೀತು. ಶತ್ರು ಬಂದ್ರೂ ಉಂಡೇ ಹೋಗಬೇಕು. ತಿಳೀತೇನು?"

"ತಿಳೀತ್ರಿ" ಎಂದಳು ತಾಯಕ್ಕ. ತಿಳಿಯಿತು ಎಂದಳೇ ಹೊರತು ಆಗಲಿ ಎನ್ನಲಿಲ್ಲ.

ರೊಟ್ಟಿಯನ್ನು ಲಟ್ಟಿಸುವವರಿದ್ದಾರೆ, ನಮ್ಮ ಸೀಮೆಯ ಹೆಣ್ಣುಮಕ್ಕಳು ಬಡಿಯುತ್ತಾರೆ. ತಾಯಕ್ಕನ ಮಟ್ಟಿಗೆ ಅದು ಬರಿಯ ಮಾತಲ್ಲ. ಅಂಗೈ ಹಿಟ್ಟಿನ ಮೇಲೆ ಬಿದ್ದಾಗಲೆಲ್ಲ ಅದು ಮನೋಹರನ ಕೆನ್ನೆಯ ಮೇಲೆ ಬೀಳುತ್ತಿತ್ತು. ಈ ಬದಿಗೊಂದು, ಆ ಬದಿಗೊಂದು. ಹೀಗೆ ಬಡಿದ ರೊಟ್ಟಿ ವೀಳ್ಯದೆಲೆಯಂತೆ ತೆಳ್ಳಗಾಗಿ, ಊರಲ್ಲಿ ಮಾತಾಯಿತು. ಭೀಮವ್ವ ಒಮ್ಮೆ ಕೇಳಿಯೂ ಬಿಟ್ಟಳು. "ಇಷ್ಟು ತೆಳ್ಳಗ ಹೆಂಗ ಬಡೀತಿಯೇ? ಹಿಟ್ಟಿನಾಗ ಏನ್ ಕಲಸ್ತಿ?"

"ಸಿಟ್ಟುರಿ."

"ದಿನಾ ಕಲಸು ಹಂಗಾರ."

ಸೋಮವಾರಗಳು ಬಂದವು. ಒಲೆಯ ಮಗ್ಗುಲಿನ ಕಿಂಡಿಯಿಂದ ಹೊರಗಿನ ಊಟದ ಸಾಲು ಕಾಣುತ್ತಿತ್ತು. ಮನೋಹರ ಮೈ ತುಂಬಿಕೊಂಡಿದ್ದ, ಬಿಳಿಯ ಅಂಗಿ, ಬೆರಳಿಗೆ ಉಂಗುರ. ಆ ಬಲಗೈ ರೊಟ್ಟಿ ಮುರಿದು ಎಣ್ಣೆಗಾಯಿಯಲ್ಲಿ ಅದ್ದುವುದನ್ನು ತಾಯಕ್ಕ ಕಿಂಡಿಯಲ್ಲಿ ನಿಂತು ನೋಡಿದಳು. ತಾನು ಬಡಿದದ್ದು ಅವನ ಹೊಟ್ಟೆಗೆ ಇಳಿಯುತ್ತಿದೆಯಲ್ಲ ಎಂದು ಮೈಯೆಲ್ಲ ಉರಿಯಿತು. ಪಲ್ಯಕ್ಕೆ ಒಂದು ಹಿಡಿ ಖಾರದ ಪುಡಿ ಸುರಿಯಲೇ? ಹಿಟ್ಟಿಗೆ ಒಂದು ಚಿಟಿಕೆ ಮಣ್ಣು ಬೆರಸಲೇ? ಕೈ ಮುಂದೆ ಹೋಗಿ ಹಿಂದೆ ಬಂತು. ರೊಟ್ಟಿ ಏನು ಪಾಪ ಮಾಡಿತ್ತು? ಅದೂ ಅಲ್ಲದೆ, ಹೊಟ್ಟೆನೋವು ನಾಳೆ ಹೋಗುತ್ತದೆ. ನಾಳೆ ಹೋಗುವಂಥದು ಆಕೆಗೆ ಬೇಕಿರಲಿಲ್ಲ. ಸಾಲು ತುಂಬಬೇಕು, ಅವನ ಮಾತಿಗೆ ಬೆಲೆ ಕೊಡುವವರು ಅವನ ಮಗ್ಗುಲಲ್ಲಿ ಕುಳಿತಿರಬೇಕು. ಆಕೆ ಕಾದಳು.

ಅಂಥ ಸೋಮವಾರವನ್ನು ಮನೋಹರನೇ ತಂದುಕೊಟ್ಟ. ಅಂದು ಅವನ ಜೊತೆ ಸಂಡೂರಿನ ಜಂಬುನಾಥ್ ಇದ್ದರು. ಲಾರಿಗಳ ಧಣಿ, ಹಿರಿಯರು, ಕೈಮುಗಿದು ತುತ್ತೆತ್ತುವ ಮನುಷ್ಯ. ರೆಸಾರ್ಟಿಗೆ ಅವರನ್ನೂ ಪಾಲುದಾರರಾಗಿ ಸೇರಿಸಿಕೊಳ್ಳಬೇಕೆಂದು ಮನೋಹರ ಮಾತಿನ ಮೇಲೆ ಮಾತು ಹೆಣೆಯುತ್ತಿದ್ದ. ಸಾಲು ಕಿಕ್ಕಿರಿದಿತ್ತು.

"ರೊಟ್ಟಿ ಭಾಳ ಮಸ್ತ್ ಅದಾವಲ್ರಿ" ಎಂದರು ಜಂಬುನಾಥ್.

"ಹೌದಲ್ರಿ! ಇಂಥ ಕೈ ನಮ್ಮ ರೆಸಾರ್ಟಿನಾಗ ಇರ್ಬೇಕು. ಗೆಸ್ಟ್ ಮುಂದ ಕುಂತು ಬಡೀಬೇಕು." ಮನೋಹರ ಕೂಗಿದ. "ಭೀಮವ್ವಾರ, ರೊಟ್ಟಿ ಬಡಿಯಾಕಿನ್ನ ಒಂದೀಟು ಹೊರಗ ಕರೀರಿ. ನಿಮಗಿಂತ ಚೊಲೋ ಪಗಾರ ಕೊಡ್ತೀನಿ ಅಂತ ನಿಮ್ಮ ಎದುರಿಗೇ ಹೇಳ್ತೀನಿ!"

ಎಲ್ಲರೂ ನಕ್ಕರು. ತಾಯಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಎತ್ತಿಕೊಂಡು ಹೊರಗೆ ಬಂದಳು. ಅಂಗೈ ಸುಡುತ್ತಿತ್ತು, ಆಕೆಗೆ ಗೊತ್ತಾಗಲಿಲ್ಲ. ಅವನ ತಾಟಿನ ನಡುವೆ ರೊಟ್ಟಿ ಇಟ್ಟಳು.

"ಕರದ್ರಲ್ಲಾ, ಬಂದೀನಿ. ಕಳ್ಳಿ ನಡೀತಾಳೇನ್ರಿ ನಿಮ್ಮ ರೆಸಾರ್ಟಿಗೆ?"

ಮನೋಹರನ ಮುಖದ ನಗು ಹಾಗೆಯೇ ನಿಂತು ಹುಳಿಯಾಯಿತು. "ನೀನಾ? ನಿನ್ನ ಯಾರು ಇಲ್ಲಿ..." ಎಂದವನು ಸಾವರಿಸಿಕೊಂಡು ಜಂಬುನಾಥರ ಕಡೆ ತಿರುಗಿದ. "ಈಕಿ ಜೈಲಿಗೆ ಹೋಗಿ ಬಂದಾಕಿರಿ. ಗೆಸ್ಟ್ ಕ್ಯಾಮೆರಾ ಕದ್ದಿದ್ಲು. ಕೋರ್ಟೇ ಹೇಳೈತಿ. ಜಡ್ಜ್ ಸಾಹೇಬ್ರೇ ಹೇಳ್ಯಾರ."

"ಜಡ್ಜ್ ಸಾಹೇಬ್ರಿಗೆ ನೀವು ಹೇಳಿದ್ರಿ, ಅವರು ಬರಕೊಂಡ್ರು" ಎಂದಳು ತಾಯಕ್ಕ. "ಅಲ್ಲಿ ಗಾಳ್ಯಾಗ ಕೈ ಎತ್ತಿದ್ರಿ. ಈಗ ಕೈ ಕೆಳಗ ಇಳಸ್ರಿ. ಈ ರೊಟ್ಟಿ ಮುಟ್ಟಿ, ತಾಯಕ್ಕ ಕದ್ದದ್ದು ನಾ ನೋಡೀನಿ ಅಂತ ಒಂದ ಮಾತು ಹೇಳ್ರಿ. ಈ ಊರು ಬಿಟ್ಟು ಹೋಗ್ತೀನಿ."

ಸಾಲಿನವರೆಲ್ಲ ಮನೋಹರನ ಕೈಯನ್ನೇ ನೋಡಿದರು. ದೇವರ ಮೇಲಿನ ಆಣೆಯನ್ನು ನಮ್ಮ ಜನ ಸಂತೆಯಲ್ಲಿಯೂ ಹಾಕುತ್ತಾರೆ. ದೇವರು ದೊಡ್ಡವನು, ಮರೆತಾನು. ಆದರೆ ಮುಂದೆ ಇಟ್ಟ ಅನ್ನವನ್ನೋ ರೊಟ್ಟಿಯನ್ನೋ ಮುಟ್ಟಿ ಸುಳ್ಳು ಹೇಳಿದರೆ ಅದೇ ತುತ್ತು ಗಂಟಲಲ್ಲಿ ನಿಲ್ಲುತ್ತದೆ, ಮಕ್ಕಳ ಕಾಲಕ್ಕೂ ಅನ್ನ ಮುನಿಯುತ್ತದೆ ಎಂಬ ಅಂಜಿಕೆ ಬಡವನಿಗೂ ಉಂಟು, ಧಣಿಗೂ ಉಂಟು.

"ಉಣ್ಣೋ ಹೊತ್ತಿನಾಗ ಇದೆಲ್ಲ ಏನು ಹಚ್ಚೀದಿ? ಭೀಮವ್ವಾರ, ಕರಕೊಂಡು ಹೋಗ್ರಿ ಈಕಿನ್ನ."

ಭೀಮವ್ವ ಬಾಯಿ ತೆರೆಯುವ ಮುನ್ನವೇ ಜಂಬುನಾಥ್ ಮೆಲ್ಲಗೆ ಹೇಳಿದರು. "ಮುಟ್ಟಿ ಹೇಳಿಬಿಡ್ರಿ ಮನೋಹರ್. ಖರೇ ಮಾತಿಗೆ ಏನು ಅಂಜಿಕಿ?"

ಮನೋಹರನ ಕೈ ಮುಂದೆ ಬಂತು. ಉಂಗುರದ ಬೆರಳು ರೊಟ್ಟಿಯ ಹಬೆಯ ಮೇಲೆ ಬಂದು ನಿಂತಿತು. ತಾಯಕ್ಕ ಕಣ್ಣು ಮಿಟುಕಿಸಲಿಲ್ಲ. ಮುಟ್ಟು, ಮುಟ್ಟು ಎಂದು ಮನಸ್ಸಿನಲ್ಲೇ ಅಂದಳು. ಮುಟ್ಟಿದರೆ ಅನ್ನ ನೋಡಿಕೊಳ್ಳುತ್ತದೆ, ಮುಟ್ಟದಿದ್ದರೆ ಮಂದಿ. ಬೆರಳು ಮಡಚಿಕೊಂಡಿತು. ಅವನು ಎದ್ದು ನಿಂತ.

"ನಡೀರಿ ಧಣಿ, ಬ್ಯಾರೆ ಕಡೆ ಉಣ್ಣೋಣು."

"ನೀವು ನಡೀರಿ" ಎಂದರು ಜಂಬುನಾಥ್, ತಲೆ ಎತ್ತದೆ. "ನನ್ನ ತಾಟು ಇನ್ನೂ ಮುಗಿದಿಲ್ಲ."

ಮನೋಹರ ಕೈಯನ್ನೂ ತೊಳೆಯದೆ ಹೊರಟ. ಬಾಗಿಲ ಹತ್ತಿರದ ಸಾಲಿನಿಂದ ಯಾರೋ ಒಬ್ಬರು, "ಸಾಹೇಬ್ರ, ರೊಟ್ಟಿ ಬಿಸಿ ಇತ್ತೇನು?" ಎಂದರು. ಎದ್ದ ನಗೆ ಓಣಿಯ ತನಕ ಅವನ ಹಿಂದೆ ಹೋಯಿತು. ಕೋರ್ಟಿನ ತೀರ್ಪು ಇದರಿಂದ ಬದಲಾಗುವುದಿಲ್ಲ, ಪೊಲೀಸರ ಕಾಗದದಲ್ಲಿ ತಾನು ನಾಳೆಯೂ ಕಳ್ಳಿಯೇ ಎಂಬುದು ತಾಯಕ್ಕನಿಗೆ ಗೊತ್ತಿತ್ತು. ಇರಲಿ. ಆ ನಗೆ ಆಕೆಗೆ ಹಾಲು ಕುಡಿದಷ್ಟು ತಂಪಾಯಿತು.

ಭೀಮವ್ವ ಸೊಂಟಕ್ಕೆ ಕೈಕೊಟ್ಟು ಎದುರಿಗೆ ನಿಂತಿದ್ದಳು. "ತಾಟಿನ ಮುಂದಿಂದ ಎಬ್ಬಿಸಿದಿ. ಏನು ಹೇಳಿದ್ದೆ ನಾನು?"

"ಕೆಲಸ ಮುಗೀತು ಅಂತ ಹೇಳಿದ್ರಿ."

"ಮತ್ತ?"

"ಮುಗೀತಲ್ರಿ. ಈಗ ನಾ ಗಿರಾಕಿ." ಎಂದವಳೇ ತಾಯಕ್ಕ ಕೈತೊಳೆದು ಬಂದು ಮನೋಹರನ ತಾಟಿನ ಎದುರು ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಳು. "ಊಟ ನೀಡ್ರಿ. ಶತ್ರು ಬಂದ್ರೂ ಉಂಡೇ ಹೋಗಬೇಕು ಅಂದಿದ್ರಿ."

ಜಂಬುನಾಥರಿಗೆ ತುತ್ತು ನೆತ್ತಿಗೇರಿತು, ನಗು ತಡೆಯಲಾಗದೆ ನೀರು ಕುಡಿದರು. ಭೀಮವ್ವ ಹಲ್ಲು ಕಡಿಯುತ್ತಲೇ ತಾಟು ತಂದು ಇಟ್ಟಳು. ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ತಾಯಕ್ಕ ಉಣ್ಣತೊಡಗಿದಳು. ಇದ್ದ ಒಂದು ರೊಟ್ಟಿ ಮುಗಿಯಿತು.

"ಬಿಸಿ ರೊಟ್ಟಿ ತರ್ರಿ."

"ಎಲ್ಲಿಂದ ತರ್ಲೆವ್ವ? ಬಡಿಯಾಕಿ ಇಲ್ಲಿ ಕುಂತು ಗಡದ್ದಾಗಿ ಉಣ್ಣಾಕ ಹತ್ಯಾಳ!"

"ನಾ ಉಣ್ಣೋತನಕ ನೀವ ಬಡೀರಿ. ಆಮ್ಯಾಲ ನಾ ಬಡೀತೀನಿ."

ಭೀಮವ್ವ ಸಾಲಿನ ಕಡೆ ನೋಡಿದಳು. ಖಾಲಿ ತಾಟುಗಳ ಮುಂದೆ ಜನ ಕಾಯುತ್ತಿದ್ದರು. "ನಿನ್ನ ಬಾಯಿಗೆ ಬೆಂಕಿ ಹಾಕ!" ಎಂದು ಬೈದು, ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಹೋಗಿ ಕುಳಿತಳು.

ಬಡಿಸುವ ಬಸಕ್ಕ ಮನೋಹರ ಬಿಟ್ಟುಹೋದ ತಾಟನ್ನು ಎತ್ತಲು ಬಗ್ಗಿದಳು. ಮುಟ್ಟದ ರೊಟ್ಟಿ ಅದರಲ್ಲಿ ಹಾಗೆಯೇ ಇತ್ತು, ಹಬೆ ಆರಿತ್ತು.

"ಅದನ್ನ ಎತ್ತಬ್ಯಾಡ ಬಸಕ್ಕ" ಎಂದಳು ತಾಯಕ್ಕ, ಮೊಸರು ಕಲಸಿಕೊಳ್ಳುತ್ತಾ. "ನನ್ನ ಊಟ ಮುಗಿಯೋತನಕ ಎದುರಿಗೇ ಇರ್ಲಿ. ನೋಡ್ಕೊಂತ ಉಣ್ತೀನಿ."