ಗಾಜಿಗೆ ಗೊತ್ತಾಗದ ಬೆರಳು

ಸಾಗರದ ಮೊಬೈಲ್ ಅಂಗಡಿಯಲ್ಲಿ ಹೆಂಗಸೊಬ್ಬಳು ಹೊಸ ಫೋನಿನ ಗಾಜನ್ನು ಒತ್ತಿ ಒತ್ತಿ ಸೋತಿದ್ದಳು.

"ಮೊದ್ಲು ಕೈ ಒರೆಸ್ಕೊಳಮ್ಮ," ಎಂದೆ.

ಅವಳು ತಿರುಗಿ ನೋಡಿದಳು. "ತೊಳ್ಕಂಡೇ ಬಂದೀನಿ ಮೇಷ್ಟ್ರೇ. ಅಡಿಕೆ ಸುಲ್ದು ಸುಲ್ದು ಬೆರಳು ಕಲ್ಲಾಗಿದೆ, ಈ ಗಾಜಿಗೆ ಗೊತ್ತಾಗಲ್ಲ. ಶಾಲೇಲೂ ನೀವು ಹಿಂಗೇ ಅಂತಿದ್ರಿ."

ಬಾಣಂತಿ ಮಗಳ ಕರೆ ಎತ್ತಲು ಅವಳಿಗೊಂದು ಗುಂಡಿಯ ಫೋನು ಬೇಕಿತ್ತು. "ಅದನ್ನ ತರಿಸೋದೇ ಬಿಟ್ಟಿದೀವಿ. ಇದು ನೋಡಿ, ಎಷ್ಟು ನೈಸಾಗಿದೆ," ಎಂದ ಅಂಗಡಿಯವನು. ನಾನು ಬೆರಳಿಟ್ಟೆ; ಪರದೆ ತಕ್ಷಣ ಬೆಳಗಿತು. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ಫೋನು ಕೊಳ್ಳದೆ ಹೊರಟಳು.

ಮೂವತ್ತು ವರ್ಷ ಪ್ರತಿ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಕೈ ಪರೀಕ್ಷಿಸಿ, ಕಪ್ಪಾಗಿದ್ದರೆ ಹೊರಗೆ ನಿಲ್ಲಿಸಿದವನು ನಾನು. ಅಡಿಕೆ ಸುಲಿದ ಕಲೆ ತೊಳೆದರೆ ಹೋಗುವುದಿಲ್ಲವೆಂದು ನನಗೆ ಆಗಲೂ ಗೊತ್ತಿತ್ತು.