ಗಂಗಹನುಮಯ್ಯನವರ ಟೇಬಲ್ ಫ್ಯಾನು

ಗುಬ್ಬಿಯಲ್ಲಿ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡಿಕೊಡುವ ಗಂಗಹನುಮಯ್ಯನವರ ಕಂಪ್ಯೂಟರು ಅವರಿಗಿಂತ ನಿಧಾನ. ಮೂರು ಗಂಟೆಯ ಮದುವೆ ಡಿವಿಡಿಗೆ ಇಳಿಯಲು ಎರಡು ದಿನ ಬೇಕು. ಅಷ್ಟರಲ್ಲಿ ನಿಜವಾದ ಮದುವೆಯೇ ಬೀಗರೂಟದವರೆಗೆ ಮುಗಿದೀತು. "ಬಿಸಿ ಆದ್ರೆ ಕುಂತ್ಕೊಂಡ್‌ಬುಡ್ತದೆ ಕಣಪ್ಪ" ಎನ್ನುತ್ತ ಸಿಪಿಯುವಿನ ಮುಚ್ಚಳ ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನು ಇಟ್ಟಿದ್ದಾರೆ. ಅದರ ಗಾಳಿ ಮನೆಯವರಿಗೂ ಇಲ್ಲ, ಬಂದ ನೆಂಟರಿಗೂ ಇಲ್ಲ. ಯಾರೂ ಆರಿಸುವಂತೆಯೂ ಇಲ್ಲ. ಡಿವಿಡಿ ಬರೆಯುವಾಗ ಮಿಕ್ಸಿ ಹಾಕಬಾರದೆಂದು ಸೊಸೆ ತ್ರಿವೇಣಿ ಚಟ್ನಿ ರುಬ್ಬಲು ಪಕ್ಕದ ಮನೆಗೆ ಹೋಗುತ್ತಾಳೆ. ರಿಪೇರಿಗೆ ಬಂದ ತಿಮ್ಮೇಶ್, "ಕನ್ವರ್ಟ್ ಆಗೋವಾಗ್ಲೇ ಅದ್ರಲ್ಲಿ ವಿಡಿಯೋ ಹಾಕ್ಕೊಂಡು ನೋಡ್ಬೇಡಿ ಸಾರ್, ಅರ್ಧ ಟೈಮಲ್ಲಿ ಮುಗೀತದೆ" ಎಂದ. "ನೋಡ್ದೆ ಹೆಂಗೆ ಕೊಡಾದು, ಬುಡು" ಎಂದು ಇವರು ನೋಡುತ್ತಲೇ ಇದ್ದಾರೆ. ಇವರ ತಾಯಿ ಮರಿಯಮ್ಮ ಕಡಬದ ಸುತ್ತ ಯಾರ ಮನೆಯ ಮದುವೆಯಾದರೂ ಹಸೆಯ ಮುಂದೆ ಸೋಬಾನೆ ಹಾಡುತ್ತಿದ್ದವರು. ತೀರಿಕೊಂಡು ಹದಿನೈದು ವರ್ಷವಾಯಿತು. ಇದುವರೆಗೆ ಏಳು ಮದುವೆಗಳಲ್ಲಿ ಸಿಕ್ಕಿದ್ದಾರೆ. ಪರದೆಯ ಮೇಲೆ ಹೆಂಗಸರು ಹಸೆಯ ಸುತ್ತ ಸೇರುವ ಹೊತ್ತಿಗೆ ಗಂಗಹನುಮಯ್ಯನವರು ಎದ್ದು, ಹಾಡು ಸರಿಯಾಗಿ ಕೇಳಲೆಂದು ತಾವೇ ಫ್ಯಾನು ಆರಿಸುತ್ತಾರೆ.